ಗಲ್ಲಾಪೆಟ್ಟಿಗೆಯಿಂದ ಕೂಗುವ ಬಾಗಿಲಿನವರೆಗೆ

ಪತ್ತರಗಟ್ಟಿಯ ಕಲ್ಲುಕಮಾನಿನ ಅಂಗಡಿಸಾಲು 1908ರ ಮೂಸಿ ಪ್ರವಾಹದ ಬಳಿಕ, ನಗರ ಸುಧಾರಣಾ ಮಂಡಳಿಯ ಕಾಲದಲ್ಲಿ ಎದ್ದದ್ದು. ಅಂತಹ ಹಳೆಯ ಪೇಟೆಗಳ ಜವಳಿ ವ್ಯಾಪಾರದ ರೀತಿಯನ್ನು ನಮ್ಮ ಹಿರಿಯರು ಬಲ್ಲರು. ಬಿಳಿ ಹಾಸಿನ ಮೇಲೆ ವರ್ತಕ, ಎದುರಿಗೆ ಗಿರಾಕಿ, ಸೀರೆಗಳೆಲ್ಲ ಹಿಂದಿನ ಕಪಾಟಿನಲ್ಲಿ. ಕೇಳಿದ್ದನ್ನು ತೆಗೆದು ಹರಡುವವನೂ ಅವನೇ, ಮಡಚಿಡುವವನೂ ಅವನೇ. ಸರಕಿಗೆ ಬೇರೆ ಕಾವಲೇಕೆ?

ಈ ಏರ್ಪಾಡನ್ನು ಕದಲಿಸಿದವನು ಅಮೆರಿಕದ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ಕಿರಾಣಿ ಅಂಗಡಿ ತೆರೆದು, ಗಿರಾಕಿಯ ಕೈಗೇ ಬುಟ್ಟಿ ಕೊಟ್ಟ. ನೌಕರರ ಸಂಬಳ ಉಳಿಯಿತು; ಸರಕನ್ನು ಕಾಯುವ ಕಣ್ಣುಗಳೂ ಕಡಿಮೆಯಾದವು. ಅದಕ್ಕೆ ವಿದ್ಯುನ್ಮಾನದ ಉತ್ತರ ಸಿಕ್ಕಿದ್ದು ಸುಮಾರು ಅರ್ಧ ಶತಮಾನದ ನಂತರ. 1960ರ ದಶಕದಲ್ಲಿ ಆರ್ಥರ್ ಮಿನಾಸಿ, ರೊನಾಲ್ಡ್ ಅಸ್ಸಾಫ್ ಮೊದಲಾದವರು ಸರಕಿಗೆ ಅಂಟಿಸುವ ಟ್ಯಾಗನ್ನು ರೂಪಿಸಿದರು. ಅಸ್ಸಾಫ್ ಸ್ವತಃ ಓಹಾಯೊ ರಾಜ್ಯದ ಅಂಗಡಿಯೊಂದರ ಮ್ಯಾನೇಜರ್ ಆಗಿದ್ದವನು.

ಯಂತ್ರದ ಗುಟ್ಟು ಸರಳ. ಒಂದು ಬಗೆಯ ಟ್ಯಾಗಿನೊಳಗೆ ತಂತಿಸುರುಳಿಯೊಂದು ಕೆಪಾಸಿಟರ್ ಜೊತೆಗಿರುತ್ತದೆ. ಬಾಗಿಲ ಕಂಬಗಳು ಹೊಮ್ಮಿಸುವ 8.2 ಮೆಗಾಹರ್ಟ್ಸ್ ಅಲೆಗೆ ಅದು ಶ್ರುತಿಗೂಡಿದ ತಂಬೂರಿಯಂತೆ ಮಿಡಿಯುತ್ತದೆ. ಕಂಬ ಅದನ್ನು ಗುರುತಿಸಿ ಕೂಗುತ್ತದೆ. ಬಿಲ್ ಕಟ್ಟಿದಾಗ ಕ್ಯಾಷಿಯರ್ ಟ್ಯಾಗನ್ನು ಕಳಚಬೇಕು, ಇಲ್ಲವೇ ನಿಷ್ಕ್ರಿಯಗೊಳಿಸಬೇಕು.

ನಮ್ಮ ಹೈದರಾಬಾದಿನಲ್ಲಿ ಪಂಜಾಗುಟ್ಟದ ‘ಹೈದರಾಬಾದ್ ಸೆಂಟ್ರಲ್’ 2004ರಲ್ಲಿ ತೆರೆಯಿತು. ಅದೂ ಅದರಂಥ ಬೃಹತ್ ಮಳಿಗೆಗಳೂ ಬಂದ ಮೇಲೆ ನಾವೇ ಬಟ್ಟೆ ಆರಿಸಿಕೊಳ್ಳುವುದು ಮಾಮೂಲಾಯಿತು. ಇದರಲ್ಲಿ ಸುಖವಿದೆ, ಒಪ್ಪಬೇಕು: ಹತ್ತು ಸೀರೆ ಬಿಚ್ಚಿಸಿ ಏನೂ ಕೊಳ್ಳದೆ ಏಳುವ ಸಂಕೋಚವಿಲ್ಲ. ಆದರೆ ಆ ಕಂಬಕ್ಕೆ ಕಳ್ಳನೂ ತಿಳಿಯದು, ಸಾಚಾ ಮನುಷ್ಯನೂ ತಿಳಿಯದು. ಅದಕ್ಕೆ ತಿಳಿಯುವುದು ಟ್ಯಾಗ್ ಮಾತ್ರ. ಕ್ಯಾಷಿಯರ್ ಮರೆತರೆ ಹಣ ಕೊಟ್ಟ ಗೃಹಿಣಿ ನಾಲ್ಕು ಜನರೆದುರು ತಲೆತಗ್ಗಿಸಬೇಕು. ಊರ ಭಾಷೆ ಸರಿಯಾಗಿ ಬಾರದ ಹೊಸಬರಿಗಂತೂ ಗಂಟಲೇ ಕಟ್ಟುತ್ತದೆ.

ಕಾನೂನು ಕಂಬಕ್ಕಿಂತ ವಿವೇಕಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮೂ ಹಳೆಯ ದಂಡ ಸಂಹಿತೆಯ 378ರಂತೆಯೇ, ಅಪ್ರಾಮಾಣಿಕ ಉದ್ದೇಶವಿಲ್ಲದೆ ಕಳ್ಳತನವಿಲ್ಲ ಎನ್ನುತ್ತದೆ. ಬಾಗಿಲು ಕೂಗಿದ್ದು ವಿಚಾರಿಸಲು ಕಾರಣವಾದೀತು, ಅಪರಾಧಕ್ಕೆ ಪುರಾವೆಯಾಗದು. ಬಿಲ್ಲನ್ನು ಕೈಯಲ್ಲೇ ಇಟ್ಟುಕೊಂಡು, ಗಾಬರಿಯಿಲ್ಲದೆ ತೋರಿಸಿದರಾಯಿತು.

ಇನ್ನು ಮನೆಗೆ ಬಂದ ಮೇಲೆ ಟ್ಯಾಗ್ ಕಂಡರೆ ಚಾಕು ಹಾಕಿ ಮೀಟಬೇಡಿ. ಕೆಲವದರೊಳಗೆ ಶಾಯಿಯ ಕುಪ್ಪಿ ಇರುತ್ತದೆ. ಒಡೆದರೆ ಹೊಸ ಬಟ್ಟೆ ಹಾಳು. ಬಿಲ್ಲಿನೊಡನೆ ಅಂಗಡಿಗೇ ಒಯ್ದು ಕಳಚಿಸಿ.