ಮೃಗವನದ ಕಂದಕ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಭೂಮಿಚ್ಛಿದ್ರವಿಧಾನವೆಂಬ ಪ್ರಕರಣವೊಂದುಂಟು. ಉಳುಮೆಗೆ ಒದಗದ ನೆಲವನ್ನು ಯಾವ ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ಅದರ ವಿಷಯ. ಅಲ್ಲಿ ರಾಜನ ವಿಹಾರಕ್ಕಾಗಿ ಮೃಗವನವನ್ನು ಮಾಡಿಸತಕ್ಕ ಕ್ರಮವನ್ನು ಹೇಳಿದೆ. ಆ ವನಕ್ಕೆ ಒಂದೇ ಬಾಗಿಲು, ಸುತ್ತಲೂ ಕಂದಕ, ಒಳಗೆ ರುಚಿಯಾದ ಹಣ್ಣಿನ ಗಿಡಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳಗಳು, ಪಳಗಿದ ಜಿಂಕೆ ಮೊದಲಾದ ಚತುಷ್ಪಾದಗಳು. ಹುಲಿ ಮೊದಲಾದ ಕ್ರೂರಮೃಗಗಳೂ ಅಲ್ಲಿರಬಹುದು; ಆದರೆ ಅವುಗಳ ಉಗುರುಗಳನ್ನೂ ಕೋರೆಹಲ್ಲುಗಳನ್ನೂ ಮೊದಲೇ ಮುರಿದಿರಬೇಕು. ಅರಸನ ಕಾಲಿಗೆ ಮುಳ್ಳು ನೆಡದಂತೆಯೂ ಅವನು ನೀರಿನಲ್ಲಿ ಮುಳುಗದಂತೆಯೂ ಎಚ್ಚರ ವಹಿಸಿದ ಶಾಸ್ತ್ರಕಾರನು ಹುಲಿಯ ವಿಷಯದಲ್ಲಿ ಅಷ್ಟೇ ಎಚ್ಚರವನ್ನು ಬೇರೊಂದು ವಿಧದಲ್ಲಿ ತೋರಿಸಿದ್ದಾನೆ.

ಇದರ ಬೆನ್ನಿಗೇ ಇನ್ನೊಂದು ವಿಧಿಯುಂಟು. ದೇಶದ ಎಲ್ಲೆಯಲ್ಲಿ, ಅಥವಾ ನೆಲ ಒದಗಿದಂತೆ, ಬೇರೊಂದು ಮೃಗವನವನ್ನು ಏರ್ಪಡಿಸಬೇಕು. ಅಲ್ಲಿ ಎಲ್ಲ ಮೃಗಗಳೂ ಅತಿಥಿಗಳು. ಹಲ್ಲು ಮುರಿಯುವ ಮಾತು ಇಲ್ಲಿ ಬರುವುದಿಲ್ಲ. ನೋಡಬಂದವನ ಕ್ಷೇಮಕ್ಕಾಗಿ ಮೃಗವನ್ನು ಅಂಗಹೀನವಾಗಿಸುವ ಒಂದು ವನ, ಮೃಗವನ್ನು ಅತಿಥಿಯೆಂದು ಕಾಣುವ ಇನ್ನೊಂದು ವನ: ಇವೆರಡನ್ನೂ ಒಂದೇ ಗ್ರಂಥವು ಪಕ್ಕಪಕ್ಕದಲ್ಲಿ ಇರಿಸಿದೆ. ಈ ಎರಡನ್ನು ಒಂದುಗೂಡಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕಲು ಲೋಕಕ್ಕೆ ಎರಡು ಸಾವಿರ ವರ್ಷಗಳ ಮಟ್ಟಿಗೆ ಹಿಡಿಯಿತು.

ಈ ಗ್ರಂಥಕ್ಕೂ ಮೈಸೂರಿಗೂ ಇರುವ ನಂಟು ವಾಚಕರಿಗೆ ವಿದಿತವೇ ಆಗಿದೆ. ಶ್ರೀ ಚಾಮರಾಜೇಂದ್ರ ಒಡೆಯರವರು 1891ರಲ್ಲಿ ಸ್ಥಾಪಿಸಿದ ಓರಿಯಂಟಲ್ ಲೈಬ್ರರಿಯಲ್ಲಿ, ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಯೋಲೆಯ ಪ್ರತಿಯನ್ನು ಶೋಧಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅದೇ ಮಹಾರಾಜರು 1892ರಲ್ಲಿ, ಅದೇ ಪಟ್ಟಣದಲ್ಲಿ, ಸುಮಾರು 10 ಎಕರೆ ನೆಲದಲ್ಲಿ ಅರಮನೆಯ ಮೃಗಾಲಯವನ್ನು ಏರ್ಪಡಿಸಿದರು. ಅದಕ್ಕೆ ಚಾಮರಾಜೇಂದ್ರ ಮೃಗಾಲಯವೆಂದು ಹೆಸರಾದದ್ದೂ 1909ರಲ್ಲಿಯೇ. ಕಾಕತಾಳೀಯವೆಂದು ಹೇಳಿ ಇದನ್ನು ಬಿಡಬಹುದು. ಆದರೂ ಮೃಗವನದ ಶಾಸ್ತ್ರವೂ ಮೃಗವನವೂ ಒಬ್ಬನೇ ಅರಸನ ಆಶ್ರಯದಲ್ಲಿ, ಒಂದೇ ಊರಿನಲ್ಲಿ, ಒಂದನ್ನೊಂದು ಅರಿಯದೆ ಬೆಳೆದು ಒಂದೇ ವರ್ಷದಲ್ಲಿ ಹೆಸರು ಪಡೆದುವೆಂಬುದು ನೆನಪಿನಲ್ಲಿ ಇಟ್ಟುಕೊಳ್ಳತಕ್ಕ ಸಂಗತಿ.

ಯೂರೋಪಿನಲ್ಲಿ ಅರಸರ ಮೃಗಶಾಲೆಗಳು ಬಹುಕಾಲ ಬೋನುಗಳ ಸಾಲುಗಳೇ ಆಗಿದ್ದುವು. ಲಂಡನ್ ನಗರದ ಟವರ್ ಕೋಟೆಯಲ್ಲಿ 13ನೆಯ ಶತಮಾನದಿಂದ ಸಿಂಹಾದಿಗಳನ್ನು ಇರಿಸಿದ್ದರು. 1255ರಲ್ಲಿ ಆನೆಯೊಂದು ಅಲ್ಲಿಗೆ ಬಂದಿತು, ಬಂದು ಬಹುಕಾಲ ಬದುಕಲಿಲ್ಲ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಮೃಗಾಲಯವು 1752ರಷ್ಟು ಹಳೆಯದು. 1828ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದವರು ವಿದ್ಯಾಭ್ಯಾಸದ ಉದ್ದೇಶದಿಂದ ತಮ್ಮ ಉದ್ಯಾನವನ್ನು ತೆರೆದರು. 1847ರಲ್ಲಿ ಅದು ಸಾರ್ವಜನಿಕರಿಗೂ ಲಭ್ಯವಾಯಿತು. ಉದ್ದೇಶ ಬದಲಾದರೂ ಸರಳು ಬದಲಾಗಲಿಲ್ಲ. ಕಬ್ಬಿಣದ ಸರಳು ನೋಡುವವನನ್ನು ಚೆನ್ನಾಗಿಯೇ ಕಾಯುತ್ತದೆ. ಒಳಗಿರುವ ಪ್ರಾಣಿಯಾದರೋ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ತಿರುಗಿ ತಿರುಗಿ ಒಂದೇ ಗೆರೆಯನ್ನು ನೆಲದಲ್ಲಿ ಸವೆಸುತ್ತದೆ. ಇದನ್ನು ಕಂಡವರು ಪ್ರಾಣಿಯ ಉತ್ಸಾಹವೆಂದು ಬಗೆಯುತ್ತಿದ್ದುದುಂಟು. ಅದು ಸೆರೆಯ ಬೇಸರದಿಂದ ಹುಟ್ಟಿದ ಮನೋವಿಕಾರವೆಂದು ತಿಳಿದವರು ಈಗ ಹೇಳುತ್ತಾರೆ.

ಭಾರತದಲ್ಲಿ ಈ ವಿಷಯವನ್ನು ಶಾಸ್ತ್ರವಾಗಿ ಚಿಂತಿಸಿದ ಮೊದಲಿಗರಲ್ಲಿ ಕಲ್ಕತ್ತೆಯ ರಾಮಬ್ರಹ್ಮ ಸಾನ್ಯಾಲರು ಗಣ್ಯರು. 1876ರಲ್ಲಿ ತೆರೆದ ಆಲಿಪುರದ ಮೃಗಾಲಯಕ್ಕೆ ಅವರು ಭಾರತೀಯರಲ್ಲಿ ಮೊದಲನೆಯ ಮೇಲ್ವಿಚಾರಕರು. ವೈದ್ಯವಿದ್ಯೆಯನ್ನು ಕಲಿಯಲು ಹೋಗಿ ಮಧ್ಯದಲ್ಲಿ ಬಿಟ್ಟ ಅವರು ಆ ದೃಷ್ಟಿಯನ್ನು ಮೃಗಗಳತ್ತ ತಿರುಗಿಸಿದರು. ಯಾವ ಪ್ರಾಣಿಗೆ ಎಂತಹ ಮನೆ, ಯಾವ ಆಹಾರ, ರೋಗ ಬಂದರೆ ಏನು ಉಪಚಾರ, ಮರಿ ಹಾಕುವ ಕಾಲದಲ್ಲಿ ಏನು ಎಚ್ಚರ ಎಂಬುದನ್ನೆಲ್ಲ ತಮ್ಮ ನಿತ್ಯದ ಅನುಭವದಿಂದ ಬರೆದಿಟ್ಟು, 1892ರಲ್ಲಿ, ಮೈಸೂರಿನ ಮೃಗಾಲಯ ಹುಟ್ಟಿದ ವರ್ಷದಲ್ಲಿಯೇ, ಇಂಗ್ಲೀಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಮೂರು ವರ್ಷ ಮೊದಲು ಅವರ ಪಾಲನೆಯಲ್ಲಿ ಸುಮಾತ್ರಾ ದ್ವೀಪದ ಖಡ್ಗಮೃಗವೊಂದು ಮರಿ ಹಾಕಿತ್ತು. ಸೆರೆಯಲ್ಲಿ ಆ ಜಾತಿಯ ಇನ್ನೊಂದು ಮರಿ ಹುಟ್ಟಿ ಬೆಳೆಯಬೇಕಾದರೆ ಲೋಕವು 2001ರ ತನಕ ಕಾಯಬೇಕಾಯಿತು. ಮೃಗವೈದ್ಯದಲ್ಲಿ ಈ ದೇಶಕ್ಕೆ ಹಳೆಯ ಪರಂಪರೆಯೇ ಉಂಟಷ್ಟೆ. ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವೊಂದೇ ಅದಕ್ಕೆ ಸಾಕ್ಷಿ. ಸಾನ್ಯಾಲರ ಗ್ರಂಥವನ್ನು ಆ ಸಾಲಿನಲ್ಲಿ ಇರಿಸಿದರೆ ಅತ್ಯುಕ್ತಿಯಾಗದು.

ಸರಳನ್ನು ಕಿತ್ತುಹಾಕಿದ ಕೀರ್ತಿ ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ಕನದು. ಇವನು ಪಂಡಿತನಲ್ಲ, ಮೃಗಗಳ ವ್ಯಾಪಾರಿ. ದೂರದೇಶಗಳ ಮನುಷ್ಯರನ್ನು ಕೂಡ ಕರೆತಂದು ಮೃಗಗಳ ಜತೆಯಲ್ಲಿ ಪ್ರದರ್ಶನಕ್ಕಿಟ್ಟು ಹಣ ಗಳಿಸಿದವನು. ಅವನ ಹೆಸರಿನ ಈ ಕಲೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅವನಿಗೆ ಒಂದು ಯುಕ್ತಿ ಹೊಳೆಯಿತು. ಸಿಂಹ, ಹುಲಿ, ಚಿರತೆಗಳು ಎಷ್ಟು ದೂರ, ಎಷ್ಟು ಎತ್ತರ ಜಿಗಿಯಬಲ್ಲವೆಂಬುದನ್ನು ಪರೀಕ್ಷಿಸಿ ನೋಡಿ, ಅದಕ್ಕಿಂತ ಅಗಲವಾದ ಕಂದಕವನ್ನು ತೋಡಿದರೆ ಸರಳಿನ ಅವಶ್ಯಕತೆಯೇ ಇಲ್ಲವಲ್ಲವೆ! 1896ರಲ್ಲಿ ಈ ಕ್ರಮಕ್ಕೆ ಸನ್ನದು ಪಡೆದು, 1907ರಲ್ಲಿ ಹ್ಯಾಂಬರ್ಗಿನ ಬಳಿಯ ಷ್ಟೆಲ್ಲಿಂಗೆನ್ನಿನಲ್ಲಿ ಅದನ್ನು ಕಾರ್ಯರೂಪಕ್ಕೆ ತಂದನು. ಕೊಳದಲ್ಲಿ ಹಕ್ಕಿಗಳು, ಅದರ ಹಿಂದೆ ಹುಲ್ಲು ಮೇಯುವ ಪ್ರಾಣಿಗಳು, ಅವುಗಳ ಹಿಂದೆ ಸಿಂಹಗಳು: ನಡುವಣ ಕಂದಕಗಳು ಕಣ್ಣಿಗೆ ಬೀಳದಿದ್ದುದರಿಂದ ಎಲ್ಲವೂ ಒಂದೇ ಬಯಲಿನಲ್ಲಿದ್ದಂತೆ ತೋರುತ್ತಿತ್ತು. ಕಣ್ವಾಶ್ರಮದ ವರ್ಣನೆಯನ್ನು ಓದಿದವರಿಗೆ ಈ ನೋಟ ಹೊಸದಲ್ಲ. ಆದರೆ ಆಶ್ರಮದಲ್ಲಿ ತಪಸ್ಸು ಮಾಡಿದ್ದನ್ನು ಇಲ್ಲಿ ಗುದ್ದಲಿ ಮಾಡಿತು. ಕೌಟಿಲ್ಯನಿಗೂ ಕಂದಕ ತಿಳಿದಿತ್ತು, ಆದರೆ ಅದನ್ನು ವನದ ಸುತ್ತ ಮಾತ್ರ ತೋಡಿದನು. ಮೃಗಕ್ಕೂ ನೋಡುವವನಿಗೂ ನಡುವೆ ತೋಡಿದ್ದರೆ ಹಲ್ಲು ಮುರಿಯಬೇಕಾಗುತ್ತಿರಲಿಲ್ಲ.

ಮೈಸೂರಿನ ಉದ್ಯಾನವನ್ನು ಅಂದಗೊಳಿಸಿದವರೂ ಜರ್ಮನಿಯವರೇ. ಕ್ರುಂಬಿಗಲ್ಲರು ಬರೋಡೆಯಲ್ಲಿದ್ದು, ಬಳಿಕ ಮೈಸೂರಿನ ಸೇವೆಗೆ ಬಂದು, ಲಾಲ್‌ಬಾಗಿನಿಂದ ಖ್ಯಾತರಾದರು. ಮೃಗಾಲಯವು 1948ರಲ್ಲಿ ಅರಮನೆಯಿಂದ ಸರ್ಕಾರದ ಉದ್ಯಾನ ಇಲಾಖೆಗೂ, 1972ರಲ್ಲಿ ಅರಣ್ಯ ಇಲಾಖೆಗೂ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೂ ಸೇರಿತು. 1976ರಲ್ಲಿ ಕಾರಂಜಿ ಕೆರೆಯೂ ಕೂಡಿಕೊಂಡಿತು.

ಕಂದಕಕ್ಕೂ ಒಂದು ದೋಷವುಂಟು. ಸರಳು ಕಣ್ಣಿಗೆ ಕಾಣುತ್ತದೆ, ಭಯವನ್ನು ನೆನಪಿಸುತ್ತದೆ. ಕಂದಕ ಕಾಣದಿರುವುದೇ ಅದರ ಗುಣ; ಅದರಿಂದಲೇ ನೋಡುವವನು ಮೈಮರೆಯುತ್ತಾನೆ. 1996ರ ಹೊಸವರ್ಷದ ದಿನ ಆಲಿಪುರದಲ್ಲಿ ಇಬ್ಬರು ಹುಲಿಗೆ ಹಾರ ಹಾಕುವೆವೆಂದು ಅದರ ಆವರಣಕ್ಕೆ ಇಳಿದರು, ಒಬ್ಬನು ಸತ್ತನು. ದಿಲ್ಲಿಯ ಮೃಗಾಲಯವು 1959ರಲ್ಲಿ ತೆರೆದದ್ದು; ಅದರ ನಕ್ಷೆಯನ್ನು ಸಿದ್ಧಪಡಿಸಿದವರಲ್ಲಿ ಹಾಗೆನ್‌ಬೆಕ್ಕನ ವಂಶದವರೊಬ್ಬರಿದ್ದರು. ಅಲ್ಲಿ 2014ನೆಯ ಸೆಪ್ಟೆಂಬರ್ 23ರಂದು ಯುವಕನೊಬ್ಬನು ಕಟಾಂಜನವನ್ನು ದಾಟಿ ಬಿಳಿಯ ಹುಲಿಯ ಕಂದಕದಲ್ಲಿ ಬಿದ್ದನು. ಹುಲಿ ಕೂಡಲೆ ಮೇಲೆ ಬೀಳಲಿಲ್ಲ. ಕೆಲವು ನಿಮಿಷ ಅವನೆದುರು ನಿಂತು ನೋಡುತ್ತಿತ್ತು. ಅವನು ಕೈಜೋಡಿಸಿ ಕುಳಿತಿದ್ದನು. ಮೇಲೆ ನೆರೆದ ಜನರು ಅವನನ್ನು ಉಳಿಸಬೇಕೆಂಬ ಆತುರದಿಂದ ಕೂಗಿದರು, ಕಲ್ಲೆಸೆದರು. ಹುಲಿ ಅವನ ಕುತ್ತಿಗೆಯನ್ನು ಹಿಡಿದು ಎಳೆದೊಯ್ದಿತು. ಕಲ್ಲು ಬೀಳದಿದ್ದರೆ ಅವನು ಬದುಕುತ್ತಿದ್ದನೆಂದು ಯಾರೂ ಪ್ರಮಾಣ ಮಾಡಲಾರರು. ಆ ಹುಲಿಯನ್ನು ಕೊಲ್ಲಲಿಲ್ಲ. ಇದು ಸರಿಯಾದ ನಿರ್ಣಯವೇ.

ಅಮೆರಿಕದ ಸಿನ್ಸಿನಾಟಿಯಲ್ಲಿ 2016ನೆಯ ಮೇ 28ರಂದು ಮೂರು ವರ್ಷದ ಮಗುವೊಂದು ಗೊರಿಲ್ಲದ ಕಂದಕದಲ್ಲಿ ಬಿದ್ದಿತು. ಅಲ್ಲಿಯೂ ಜನರ ಚೀತ್ಕಾರದಿಂದ ಪ್ರಾಣಿ ಕಂಗೆಟ್ಟಿತು. ಕಾವಲಿನವರು ಹದಿನೇಳು ವರ್ಷದ ಆ ಗೊರಿಲ್ಲವನ್ನು ಗುಂಡಿಟ್ಟು ಕೊಂದರು, ಮಗು ಬದುಕಿತು. ಮಗುವಿನ ಪ್ರಾಣವನ್ನು ಉಳಿಸಿದವರನ್ನು ದೂಷಿಸುವುದು ಸಲ್ಲದು. ಆದರೆ ಮೂರು ವರ್ಷದ ಕೂಸು ನುಸುಳಬಲ್ಲ ಬೇಲಿಯನ್ನು ಅಷ್ಟು ಕಾಲ ಹಾಗೆಯೇ ಬಿಟ್ಟಿದ್ದವರ ಹೊಣೆಯನ್ನು ಗೊರಿಲ್ಲವು ಹೊತ್ತಿತು. ಬೇಲಿಯನ್ನು ಎತ್ತರಿಸಿದ್ದು ಅದು ಸತ್ತ ಮೇಲೆ. ಅರ್ಥಶಾಸ್ತ್ರದ ಸೂನಾಧ್ಯಕ್ಷ ಪ್ರಕರಣದಲ್ಲಿ ಇದಕ್ಕೆ ಹತ್ತಿರದ ವಿಚಾರವಿದೆ. ಅಭಯವನದ ಮೃಗವು ದುಷ್ಟವಾದರೆ ಅದನ್ನು ಕಟ್ಟಬಹುದು, ವಧಿಸಲೂ ಬಹುದು. ಆದರೆ ಆ ಕಾಪಿನ ಎಲ್ಲೆಯೊಳಗಲ್ಲ, ಹೊರಗೆ. ಅಭಯ ಪಡೆದ ಮೃಗವನ್ನು ಹಿಂಸಿಸಿದವನಿಗಾದರೋ ಉತ್ತಮ ಸಾಹಸದಂಡ. ಮೃಗವು ತನ್ನ ಎಲ್ಲೆಯೊಳಗೇ ಇದ್ದು, ಮನುಷ್ಯನು ಅದರೊಳಕ್ಕೆ ಬಿದ್ದರೆ ಏನು ಮಾಡಬೇಕೆಂಬುದನ್ನು ಕೌಟಿಲ್ಯನೂ ಹೇಳಲಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣೆಯ ಕಾನೂನಿಗೆ 1991ರಲ್ಲಿ ಮೃಗಾಲಯಗಳ ಅಧ್ಯಾಯವೊಂದು ಸೇರಿತು. ಮುಂದಿನ ವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರ ಹುಟ್ಟಿತು. ಅದರ ಮಾನ್ಯತೆಯಿಲ್ಲದೆ ಮೃಗಾಲಯವನ್ನು ನಡೆಯಿಸುವಂತಿಲ್ಲ. ಆ ಅಧ್ಯಾಯದ 38ಜೆ ಪ್ರಕರಣದಂತೆ ಪ್ರಾಣಿಯನ್ನು ಕೆಣಕುವುದು, ನೋಯಿಸುವುದು, ಗದ್ದಲ ಮಾಡುವುದು, ಕಸ ಚೆಲ್ಲುವುದು ಮಾತ್ರವಲ್ಲದೆ ತಿನಿಸು ಕೊಡುವುದೂ ಅಪರಾಧ. ಈ ಕಡೆಯದು ಅನೇಕರಿಗೆ ಒಪ್ಪಿತವಾಗುವುದಿಲ್ಲ. ಕೋತಿಗೆ ಕಡಲೆಕಾಯಿ ಹಾಕುವುದನ್ನು ಪುಣ್ಯಕಾರ್ಯವೆಂದೇ ನಂಬಿದ ಮನೆಗಳು ನಮ್ಮಲ್ಲಿ ಎಷ್ಟೋ ಉಂಟು. ಸಾವಿರ ಜನರು ಒಂದೊಂದು ಹಿಡಿ ಕೊಟ್ಟರೆ ಆ ಪ್ರಾಣಿಯ ಹೊಟ್ಟೆಯ ಗತಿಯೇನೆಂಬುದನ್ನು ಅವರು ಎಣಿಸುವುದಿಲ್ಲ. ಆಟಕ್ಕಾಗಿ ಹುಲಿ, ಸಿಂಹ, ಚಿರತೆ, ಕರಡಿ, ಕಪಿಗಳನ್ನು ಪಳಗಿಸುವುದನ್ನು 1998ರಲ್ಲಿ ಸರ್ಕಾರವು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಸ್ಸುಗಳಿಂದ ಬಿಡಿಸಿ ತಂದ ಸಿಂಹ, ಹುಲಿಗಳಿಗೆ ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು.

ಕಂದಕದ ದೋಷಕ್ಕೆ ಪ್ರಾಧಿಕಾರದ ನಿಯಮಗಳು ಹೇಳುವ ಪರಿಹಾರ ಸರಳವಾದದ್ದು. ಆವರಣದ ಅಂಚಿನಿಂದ ಹೊರಗೆ, ಕೈ ಚಾಚಿದರೂ ಎಟುಕದಷ್ಟು ದೂರದಲ್ಲಿ, ಇನ್ನೊಂದು ಕಟಾಂಜನ. ಜತೆಗೆ ಎಚ್ಚರಿಕೆಯ ಫಲಕ. ಇದಲ್ಲದೆ ವಾರಕ್ಕೆ ಒಂದು ದಿನವಾದರೂ ಮೃಗಾಲಯವನ್ನು ಮುಚ್ಚಿರಬೇಕೆಂದೂ ವಿಧಿಸಿದೆ. ಮೈಸೂರಿನಲ್ಲಿ ಆ ದಿನ ಮಂಗಳವಾರ. ಅಂದು ಕಾವಲಿನವರು ಬೇಲಿಗಳನ್ನೂ ಕಂದಕಗಳನ್ನೂ ನೋಡಿ ಸರಿಪಡಿಸಲು ಬಿಡುವಿರುತ್ತದೆ. ಕಟಾಂಜನದ ಈಚೆ ನಿಂತು ನೋಡುವವರು ಯಾರೂ ಇರುವುದಿಲ್ಲ.