ಭಾರತದಲ್ಲಿ ವಿದೇಶಿ ತರಕಾರಿಗಳ ಸ್ವೀಕಾರ ಮತ್ತು ನಿಷೇಧ

ಹದಿನಾರನೆಯ ಶತಮಾನದಿಂದೀಚೆಗೆ ಯುರೋಪಿಯನ್ನರ ಮೂಲಕ ಭಾರತಕ್ಕೆ ಬಂದ ತರಕಾರಿಗಳನ್ನು ಇಲ್ಲಿನ ಜನರು ನಿತ್ಯದ ಅಡುಗೆಯಲ್ಲಿ ಒಪ್ಪಿಕೊಂಡರೂ ಧಾರ್ಮಿಕ ವಿಧಿಗಳಲ್ಲಿ ಬಹುಮಟ್ಟಿಗೆ ದೂರವಿರಿಸಿದರು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಸೀಮೆಬದನೆ ಇವು ಅಮೆರಿಕ ಖಂಡದ ಮೂಲದವು. ಎಲೆಕೋಸು, ಹೂಕೋಸುಗಳು ಯುರೋಪಿನವು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ನಂತರ, ಅದರಲ್ಲೂ 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ, ಅಮೆರಿಕದ ಬೆಳೆಗಳು ಪಶ್ಚಿಮ ಕರಾವಳಿಯನ್ನು ತಲುಪಿದವು.

ಹೆಸರುಗಳು

ಹೊಸ ಪದಾರ್ಥಗಳ ಪರಕೀಯತೆಯನ್ನು ಅವುಗಳ ಹೆಸರುಗಳೇ ಸೂಚಿಸುತ್ತವೆ. ಕನ್ನಡದಲ್ಲಿ ಎಲ್ಲೆ, ಪ್ರದೇಶ ಎಂಬ ಅರ್ಥದ 'ಸೀಮೆ' ಶಬ್ದವು ಕ್ರಮೇಣ ವಿದೇಶವನ್ನು ಸೂಚಿಸತೊಡಗಿ, ಸೀಮೆಬದನೆ, ಸೀಮೆಹುಣಸೆ ಮುಂತಾದ ಹೆಸರುಗಳಿಗೆ ಕಾರಣವಾಯಿತು. ಪರಂಗಿ ಹಣ್ಣು ಎಂಬಲ್ಲಿನ 'ಪರಂಗಿ' ಯುರೋಪಿಯನ್ನರನ್ನು ಸೂಚಿಸುವ 'ಫಿರಂಗಿ' ಶಬ್ದದ ರೂಪ. ಬಂಗಾಳಿಯಲ್ಲಿ ಟೊಮೇಟೊವನ್ನು ವಿಲಾಯತಿ ಬದನೆ ಎಂದು ಕರೆಯುತ್ತಿದ್ದರು. ಸೀಮೆಬದನೆಗೆ ತಮಿಳರು ಕೊಟ್ಟ ಹೆಸರು 'ಬೆಂಗಳೂರು ಬದನೆ'. ಕನ್ನಡಿಗರಿಗೆ ಸೀಮೆಯದಾದ ಕಾಯಿ ನೆರೆಯವರಿಗೆ ಬೆಂಗಳೂರಿನದೇ ಆಯಿತೆಂಬುದು ಸ್ವಾರಸ್ಯಕರ. ಕರಾವಳಿಯ 'ಬಟಾಟೆ' ನೇರವಾಗಿ ಪೋರ್ಚುಗೀಸ್ ಶಬ್ದ.

ಮೆಣಸಿನಕಾಯಿಯ ಕಥೆ ಬೇರೆ. ಅದು ದೇಶೀಯ ಮೆಣಸಿನ ಹೆಸರನ್ನೇ ಪಡೆಯಿತು. ಮೂಲ ಮೆಣಸು ತನ್ನ ಗುರುತಿಗಾಗಿ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳನ್ನು ಧರಿಸಬೇಕಾಯಿತು.

ಶ್ರಾದ್ಧ ಮತ್ತು ದೇವಾಲಯದ ಅಡುಗೆ

ಅನೇಕ ಬ್ರಾಹ್ಮಣ ಮನೆತನಗಳಲ್ಲಿ ಶ್ರಾದ್ಧದ ಅಡುಗೆಗೆ ಆಲೂಗಡ್ಡೆ, ಟೊಮೇಟೊ, ಕೋಸುಗಳು ಸಲ್ಲವು. ಖಾರಕ್ಕೆ ಮೆಣಸಿನಕಾಯಿಯ ಬದಲು ಕಾಳುಮೆಣಸನ್ನು ಬಳಸುತ್ತಾರೆ. ಬಾಳೆಕಾಯಿ, ಹಾಗಲಕಾಯಿ, ಪಡವಲಕಾಯಿಗಳಿಗೆ ಪ್ರಾಶಸ್ತ್ಯ. ಪುರಿಯ ಜಗನ್ನಾಥ ದೇವಾಲಯದ ಮಹಾಪ್ರಸಾದದಲ್ಲಿಯೂ ಆಲೂಗಡ್ಡೆ, ಟೊಮೇಟೊಗಳಿಗೆ ಸ್ಥಾನವಿಲ್ಲ. ಧರ್ಮಶಾಸ್ತ್ರಗಳು ರಚಿತವಾದ ಕಾಲದಲ್ಲಿ ಈ ತರಕಾರಿಗಳು ಇಲ್ಲಿ ಇರಲೇ ಇಲ್ಲವಾದ್ದರಿಂದ ಅವು ಇವುಗಳನ್ನು ಹೆಸರಿಸಿ ನಿಷೇಧಿಸಿದವು ಎನ್ನುವುದು ಸರಿಯಲ್ಲ. ವಿಹಿತ ಪದಾರ್ಥಗಳ ಸಾಲಿನಲ್ಲಿ ಇಲ್ಲದ್ದನ್ನು ಪಿತೃಕಾರ್ಯದಲ್ಲಿ ಬಳಸಬಾರದೆಂಬ ಎಚ್ಚರವೇ ರೂಢಿಯಾಯಿತೆಂದು ತಿಳಿಯುವುದು ಹೆಚ್ಚು ಯುಕ್ತ.

ಈ ರೂಢಿ ಎಲ್ಲೆಡೆ ಒಂದೇ ಬಗೆಯಾಗಿಲ್ಲ. ಸಿಹಿಗೆಣಸು ಸಹ ಅಮೆರಿಕ ಮೂಲದ್ದೇ. ಆದರೂ ಹಲವು ಮನೆಗಳಲ್ಲಿ ಅದು ಶ್ರಾದ್ಧಕ್ಕೆ ಸಲ್ಲುತ್ತದೆ. 'ಗೆಣಸು' ದೇಶೀಯ ಗೆಡ್ಡೆಗಳಿಗೂ ಇದ್ದ ಹೆಸರಾದ್ದರಿಂದ ಅದರ ಪರಕೀಯತೆ ಮರೆತುಹೋಗಿರಬಹುದು. ಹೆಸರೊಂದೇ ನಿರ್ಣಾಯಕವೆನ್ನಲೂ ಆಗದು, ಏಕೆಂದರೆ ಮೆಣಸಿನಕಾಯಿಗೆ ಆ ಸೌಲಭ್ಯ ದೊರೆಯಲಿಲ್ಲ. ಶ್ರಾದ್ಧದಲ್ಲಿ ವರ್ಜ್ಯವಾದ ಆಲೂಗಡ್ಡೆಯ ಪಲ್ಯವೇ ಉಡುಪಿ ಹೋಟೆಲುಗಳ ಮಸಾಲೆ ದೋಸೆಯ ಒಳಗಿರುವುದು.

ಉಪವಾಸದ ಆಹಾರ

ಉಪವಾಸದ ನಿಯಮವು ಮತ್ತೂ ಭಿನ್ನ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಏಕಾದಶಿಯಂತಹ ದಿನಗಳಂದು ಅನ್ನ ವರ್ಜ್ಯ, ಸಾಬೂದಾಣಿಯ ಖಿಚಡಿ ಗ್ರಾಹ್ಯ. ಈಗಿನ ಸಾಬೂದಾಣಿಯನ್ನು ತಯಾರಿಸುವುದು ಮರಗೆಣಸಿನ ಪಿಷ್ಟದಿಂದ. ಅದರೊಡನೆ ಸೇರುವ ಶೇಂಗಾ, ಆಲೂಗಡ್ಡೆ, ಹಸಿಮೆಣಸಿನಕಾಯಿ ಸೇರಿದಂತೆ ಈ ನಾಲ್ಕೂ ಅಮೆರಿಕ ಖಂಡದಿಂದ ಬಂದ ಬೆಳೆಗಳು.