ಆಟಿ ತಿಂಗಳಿಗೆ ಸಾಲುವ ಬ್ಯಾಟರಿ

ನಮ್ಮ ದೇಶದ ಹ್ಯಾಮ್ (ಹವ್ಯಾಸಿ) ರೇಡಿಯೊ ಚರಿತ್ರೆಯನ್ನು ಹೇಳುವವರು 1921ರಿಂದ ಆರಂಭಿಸುತ್ತಾರೆ; ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಅವರ 2ಜೆಕೆ ಎಂಬ ಕರೆಸಂಕೇತದಿಂದ. ಕರ್ನಾಟಕದ ಮಟ್ಟಿಗೆ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ನಡೆಸಿದ ಪ್ರಸಾರ ಕೇಂದ್ರವನ್ನೂ, 1959ರಲ್ಲಿ ಹುಟ್ಟಿದ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ಬನ್ನೂ ನೆನೆಯುತ್ತಾರೆ. ಈ ಕಥನದಲ್ಲಿ ಸೆಟ್ಟು, ಆಂಟೆನಾ, ಪರವಾನಗಿಗಳಿಗೆ ಸಿಕ್ಕಿದ ಜಾಗ ಬ್ಯಾಟರಿಗೆ ಸಿಕ್ಕಿಲ್ಲ. ಹ್ಯಾಮ್ ಒಬ್ಬ ಮನೆಯ ಗೋಡೆಯಾಚೆ ಎಷ್ಟು ದೂರ ಹೋಗಬಲ್ಲ, ಎಷ್ಟು ಹೊತ್ತು ಅಲ್ಲಿ ಇರಬಲ್ಲ ಎಂಬುದನ್ನು ಪ್ರತಿ ಕಾಲದಲ್ಲೂ ನಿರ್ಧರಿಸಿದ್ದು ಮಾತ್ರ ಬ್ಯಾಟರಿಯೇ. ಎರಡನೇ ಮಹಾಯುದ್ಧದ ನಂತರ ಹರಾಜಿನಲ್ಲಿ ಬಂದ ಸೇನೆಯ ವಾಲ್ವ್ ಸೆಟ್ಟುಗಳಿಗೆ ನೂರಾರು ವೋಲ್ಟ್ ಬೇಕಿತ್ತು. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಿಂದ ಡೈನಮೋಟರ್ ತಿರುಗಿಸಿ ಅದನ್ನು ಪಡೆಯಬೇಕಾಗಿತ್ತು. ಅಂಥ ಸೆಟ್ಟು ಜೀಪಿನಲ್ಲಿ ಹೋಗಬಹುದಿತ್ತೇ ಹೊರತು ಹೆಗಲ ಮೇಲಲ್ಲ. ಟ್ರಾನ್ಸಿಸ್ಟರ್ ಬಂದು, ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ಬಿಟೆಕ್ಸ್‌ನಂಥ ಅಗ್ಗದ ಸೆಟ್ಟುಗಳು ಬಂದ ಮೇಲೆ ರೇಡಿಯೊ ಕೈಚೀಲಕ್ಕೆ ಇಳಿಯಿತು. ಬ್ಯಾಟರಿಯನ್ನು ಆರಿಸುವ ನಮ್ಮ ಅಭ್ಯಾಸ ಮಾತ್ರ ಆ ವೇಗದಲ್ಲಿ ಬದಲಾಗಲಿಲ್ಲ.

ಬ್ಯಾಟರಿ ಎಷ್ಟು ನಿರ್ಣಾಯಕ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಇಸ್ರೋ ಹ್ಯಾಮ್‌ಗಳಿಗಾಗಿಯೇ ಕಟ್ಟಿದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಶ್ರೀಹರಿಕೋಟಾದಿಂದ ಹಾರಿತು. ಒಂಬತ್ತು ವರ್ಷಕ್ಕೂ ಮಿಕ್ಕಿ ಜಗತ್ತಿನ ಹವ್ಯಾಸಿಗಳ ದನಿಯನ್ನು ದಾಟಿಸಿ, 2014ರ ಜುಲೈನಲ್ಲಿ ಅದು ಕೆಲಸ ನಿಲ್ಲಿಸಿದಾಗ ಕಾರಣವಾದದ್ದು ಅದರೊಳಗಿನ ಲಿಥಿಯಂ-ಅಯಾನ್ ಬ್ಯಾಟರಿಯ ವೈಫಲ್ಯ. ಸೌರಫಲಕ ಹೊತ್ತ ಉಪಗ್ರಹದ ಆಯುಷ್ಯವೇ ಬ್ಯಾಟರಿಯಲ್ಲಿ ಮುಗಿದಿರುವಾಗ, ಸೂರ್ಯನನ್ನು ವಾರಗಟ್ಟಲೆ ಕಾಣದ ನಮ್ಮ ಮಳೆಗಾಲದಲ್ಲಿ ಬ್ಯಾಟರಿಯ ಆಯ್ಕೆಯನ್ನು ಅಂಗಡಿಯವನ ಮಾತಿಗೆ ಬಿಡುವುದು ಸರಿಯಲ್ಲ.

ದಕ್ಷಿಣ ಕನ್ನಡದ ನರಿಮೊಗರಿನಂಥ ಊರಿಗೆ ಇದು ಬರೀ ಹವ್ಯಾಸದ ಪ್ರಶ್ನೆಯಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಸಂಪಾಜೆ-ಮಡಿಕೇರಿ ರಸ್ತೆ ಕಡಿದುಹೋಯಿತು. 2022ರ ಆಗಸ್ಟ್ ಆರಂಭದಲ್ಲಿ, ತುಳುವರ ಮಳೆಗಾಲದ ತಿಂಗಳಾದ ಆಟಿ ಇನ್ನೂ ಮುಗಿಯದಿರುವಾಗ, ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರುಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹೊಳೆ ಊರೊಳಗೆ ಬಂತು. ಇಂಥ ಹೊತ್ತಿನಲ್ಲಿ ಕರೆಂಟು ಹೋಗುತ್ತದೆ. ಮೊಬೈಲ್ ಟವರಿನ ಬ್ಯಾಟರಿ ಖಾಲಿಯಾದರೆ ಫೋನೂ ಹೋಗುತ್ತದೆ. ಗುಡ್ಡ ಅಡ್ಡ ಬರುವ ನಮ್ಮ ಕಣಿವೆಗಳಲ್ಲಿ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟು ಹೆಚ್ಚು ದೂರ ಮುಟ್ಟದು. 7 ಮೆಗಾಹರ್ಟ್ಸ್‌ನಲ್ಲಿ ತಂತಿಯನ್ನು ತಗ್ಗಾಗಿ ಕಟ್ಟಿ, ಅಲೆಯನ್ನು ನೇರ ಮೇಲಕ್ಕೆ ಕಳುಹಿಸಿ, ಅಯಾನುಮಂಡಲದಿಂದ ಮಂಗಳೂರಿಗೋ ಮೈಸೂರಿಗೋ ಇಳಿಸುವುದೇ ಹಗಲಿನಲ್ಲಿ ನಂಬಬಹುದಾದ ದಾರಿ. (ತಂತಿ ಎತ್ತಲು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹೇಳಿ ಮಾಡಿಸಿದಂತೆ ಕಂಡೀತು, ಕಾರ್ಬನ್ ವಿದ್ಯುತ್ ವಾಹಕವಾದ್ದರಿಂದ ಆಂಟೆನಾದ ಶ್ರುತಿ ಕೆಡುತ್ತದೆ, ಬಿದಿರೇ ಲೇಸು.)

ಈಗ ಲೆಕ್ಕ. ಹತ್ತು ವಾಟ್‌ನ ಸೆಟ್ಟು ಕೇಳುವಾಗ ಅರ್ಧ ಆಂಪಿಯರ್, ಮಾತಾಡುವಾಗ ಎರಡೂವರೆ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಐದರಲ್ಲಿ ಒಂದು ಪಾಲು ಹೊತ್ತು ಮಾತು ಎಂದರೆ ಸರಾಸರಿ 0.9 ಆಂಪಿಯರ್, ಒಂದು ಹಗಲು ಒಂದು ರಾತ್ರಿಗೆ 21.6 ಆಂಪಿಯರ್-ಗಂಟೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದು ಬೇಗ ಸಾಯುತ್ತದೆ, ಆದ್ದರಿಂದ 42ರ ಆಸುಪಾಸಿನದು ಬೇಕು; ಅದು ಹದಿಮೂರು-ಹದಿನಾಲ್ಕು ಕೆ.ಜಿ. ತೂಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿಶ್ಚಿಂತೆಯಿಂದ ಬಳಸಬಹುದು: 24ರದು ಸಾಕು, ತೂಕ ಮೂರು ಕೆ.ಜಿ.ಯ ಸುತ್ತಮುತ್ತ. ಜರಿದ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಬೇಕಾದವರಿಗೆ ಈ ವ್ಯತ್ಯಾಸವೇ ತೀರ್ಪು.

ಹಾಗಾದರೆ ಫೋನು, ಲ್ಯಾಪ್‌ಟಾಪ್‌ಗಳ ಮಾಮೂಲಿ ಲಿಥಿಯಂ-ಅಯಾನ್ ಇನ್ನೂ ಹಗುರವಲ್ಲವೇ? ಹೌದು. ಆದರೆ ಹ್ಯಾಮ್ ಸೆಟ್ಟುಗಳು ಹೆಚ್ಚಾಗಿ 13.8 ವೋಲ್ಟ್‌ಗೆ, ಹೆಚ್ಚುಕಮ್ಮಿ ಶೇಕಡಾ 15ರ ಸಡಿಲಿಕೆಯೊಂದಿಗೆ ತಯಾರಾದವು, ಅಂದರೆ 11.7ರಿಂದ 15.9ರವರೆಗೆ. ಮೂರು ಕೋಶದ ಲಿಥಿಯಂ-ಅಯಾನ್ ತುಂಬಿದಾಗ 12.6, ಸರಾಸರಿ 11.1, ಅದರ ಶಕ್ತಿಯ ದೊಡ್ಡ ಪಾಲು ಸೆಟ್ಟಿಗೆ ಬೇಕಾದ ಮಟ್ಟಕ್ಕಿಂತ ಕೆಳಗೇ ಉಳಿಯುತ್ತದೆ. ನಾಲ್ಕು ಕೋಶದ್ದು 16.8ರಿಂದ ಶುರುವಾಗಿ ಸೆಟ್ಟನ್ನೇ ಸುಟ್ಟೀತು. ನಾಲ್ಕು ಕೋಶದ ಐರನ್ ಫಾಸ್ಫೇಟ್ 14.6ಕ್ಕೆ ತುಂಬಿ, ಬೇಗನೆ ಇಳಿದು, ಬಹುಪಾಲು ಹೊತ್ತು 13ರ ಬಳಿಯೇ ನಿಲ್ಲುತ್ತದೆ. 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಎನಫ್ ಈ ವಸ್ತುವಿನ ಬಗ್ಗೆ ಪ್ರಕಟಿಸಿದಾಗ ಹ್ಯಾಮ್‌ಗಳು ಅವರ ಮನಸ್ಸಿನಲ್ಲಿ ಇದ್ದಿರಲಾರರು. ಆದರೂ ನಮ್ಮ ಸೆಟ್ಟುಗಳಿಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಬ್ಯಾಟರಿ ಸದ್ಯಕ್ಕಿಲ್ಲ. ಬಿಸಿಯೇರಿದಾಗ ಹೊತ್ತಿಕೊಳ್ಳುವ ಅಪಾಯವೂ ಇದರಲ್ಲಿ ಕಡಿಮೆ.

ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು ದುಡ್ಡು. ಸೀಸದ ಬ್ಯಾಟರಿ ಪುತ್ತೂರು ಪೇಟೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ, ಹಳೆಯದಕ್ಕೆ ಗುಜರಿ ಬೆಲೆಯೂ ಇದೆ. ತೋಟಕ್ಕೆ ಮದ್ದು ಬಿಡುವ ಸ್ಪ್ರೇಯರಿನಲ್ಲೋ ಆನೆ ತಡೆಯುವ ಐಬೆಕ್ಸ್ ವಿದ್ಯುತ್ ಬೇಲಿಯಲ್ಲೋ ಒಂದು ಮನೆಯಲ್ಲೇ ಇರಬಹುದು. ಮನೆಯಂಗಳದಲ್ಲಿ ಕಲಿಯುವವರಿಗೆ ಅದು ಧಾರಾಳ ಸಾಕು, ಹೊಸಬರು ಅದರಲ್ಲೇ ಶುರುಮಾಡಲಿ ಎಂದು ನಾನೂ ಹೇಳುತ್ತೇನೆ. ಆಳವಾಗಿ ಬಳಸಿದರೆ ಅದು ಕೆಲವು ನೂರು ಸಲ ತುಂಬಿ ಖಾಲಿಯಾಗುವಷ್ಟರಲ್ಲಿ ಮುಗಿಯುತ್ತದೆ. ಐರನ್ ಫಾಸ್ಫೇಟ್ ಎರಡು ಸಾವಿರ ದಾಟುತ್ತದೆ. ಅದಕ್ಕಿಂತ ಮುಖ್ಯ, ಅರೆಬರೆ ತುಂಬಿ ಅಟ್ಟದಲ್ಲಿ ಮರೆತ ಸೀಸದ ಬ್ಯಾಟರಿ ಸಲ್ಫೇಟ್ ಕಟ್ಟಿ ಕೆಡುತ್ತದೆ. ಆಪತ್ತಿಗೆಂದು ಇಟ್ಟ ಬ್ಯಾಟರಿಯ ಪಾಡು ಹೆಚ್ಚಿನ ಸಲ ಇದೇ.

ಎರಡನೇ ಆಕ್ಷೇಪ ಹೆಚ್ಚು ಗಂಭೀರ. ಸೀಸದ ಬ್ಯಾಟರಿಯ ವೋಲ್ಟೇಜು ನಿಧಾನ ಇಳಿದು ಮುನ್ಸೂಚನೆ ಕೊಡುತ್ತದೆ. ಐರನ್ ಫಾಸ್ಫೇಟ್ ಕೊನೆಯವರೆಗೂ ಗಟ್ಟಿಯಾಗಿ ನಿಂತು, ಒಳಗಿನ ರಕ್ಷಣಾ ಸರ್ಕ್ಯೂಟು ಒಮ್ಮೆಲೇ ಕಡಿದುಬಿಡುತ್ತದೆ. ಸಂದೇಶದ ನಡುವೆ ಹೀಗಾದರೆ ಎದುರಿನವರಿಗೆ ಏನಾಯಿತೆಂದೇ ತಿಳಿಯದು. ಇದು ನಿಜವಾದ ದೋಷ. ಆಂಪಿಯರ್-ಗಂಟೆ ಎಣಿಸುವ ಚಿಕ್ಕ ಮೀಟರನ್ನು ಸಾಲಿನಲ್ಲಿ ಹಾಕದೆ ಈ ಬ್ಯಾಟರಿಯನ್ನು ಯಾರೂ ಹೊರಗೆ ಒಯ್ಯಬಾರದು. ಸೌರಫಲಕ ಇದ್ದರಾಯಿತಲ್ಲ ಎನ್ನುವವರಿಗೆ ಒಂದು ಮಾತು: ಆಟಿಯಲ್ಲಿ, ಅದೂ ಅಡಿಕೆ ತೋಟದ ನೆರಳಲ್ಲಿ, ಅದರಿಂದ ಬರುವುದು ಅತ್ಯಲ್ಪ, ಅದರ ಚಾರ್ಜ್ ಕಂಟ್ರೋಲರು 7 ಮೆಗಾಹರ್ಟ್ಸ್‌ನಲ್ಲಿ ಎಬ್ಬಿಸುವ ಗದ್ದಲವಂತೂ ದುರ್ಬಲ ದನಿಯನ್ನು ನುಂಗಿಬಿಡುತ್ತದೆ. ಬಿಸಿಲನ್ನು ನವೆಂಬರಿನ ಶಿಬಿರಗಳಿಗೆ ಇಟ್ಟುಕೊಳ್ಳೋಣ.

ಐರನ್ ಫಾಸ್ಫೇಟ್ ಕೊಳ್ಳುವವರು ಹೆಸರಿಲ್ಲದ ಪ್ಯಾಕ್‌ಗಳ ಮೇಲೆ ಬರೆದ ಸಾಮರ್ಥ್ಯವನ್ನು ನಂಬದೆ, ಕೊಂಡ ವಾರದಲ್ಲೇ ಒಂದು ಬಲ್ಬಿಗೆ ಜೋಡಿಸಿ ಪೂರ್ತಿ ಖಾಲಿ ಮಾಡಿ ಅಳೆಯಬೇಕು. ಚಾರ್ಜರು 14.6 ವೋಲ್ಟಿನ, ಈ ಜಾತಿಗೇ ಮಾಡಿದ್ದಾಗಿರಲಿ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳ ಹವ್ಯಾಸಿಗಳು ಒಂದೇ ಬಗೆಯ ಕನೆಕ್ಟರು ಬಳಸಲು ಒಪ್ಪಿದರೆ ಒಬ್ಬರ ಬ್ಯಾಟರಿ ಇನ್ನೊಬ್ಬರ ಸೆಟ್ಟಿಗೆ ಕತ್ತಲಲ್ಲೂ ಕೂರುತ್ತದೆ. ಈ ಒಪ್ಪಂದ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಆಗಬೇಕು.